ಒಡಪು ಕೇಳಲು ಬಂದ ತೆಲುಗಿನವನು

ನನಗೆ ಅನುಮಾನ ಜಾಸ್ತಿ. ಬಾಗಿಲಿಗೆ ಕೀಲಿ ಹಾಕಿದ ಮೇಲೆ ಮೂರು ಸಲ ಎಳೆದು ನೋಡದೆ ಮನೆ ಬಿಟ್ಟವನಲ್ಲ. ಮುದ್ದೇಬಿಹಾಳದ ಬಸ್ ನಿಲ್ದಾಣದಲ್ಲಿ ಬೋರ್ಡು ಓದಿ, ಕಂಡಕ್ಟರನನ್ನು ಕೇಳಿ, ಹತ್ತಿ ಕೂತ ಮೇಲೆ ಪಕ್ಕದವರನ್ನು ಇನ್ನೊಮ್ಮೆ ಕೇಳುತ್ತೇನೆ. ಹೆಂಡತಿ ಇದನ್ನು ರೋಗ ಎನ್ನುತ್ತಾಳೆ. ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ, ಯಾರು ಯಾರದನ್ನು ನೋಡಿ ಬರೆದಿದ್ದಾರೆಂದು ಉತ್ತರ ಪತ್ರಿಕೆಗಳಲ್ಲಿ ಹುಡುಕಿ ಹುಡುಕಿ ಈ ಗುಣ ಗಟ್ಟಿಯಾಗಿರಬೇಕು. ಅಪ್ಪನಿಂದಂತೂ ಬಂದದ್ದಲ್ಲ. ಅವನು ಯಾರು ಏನು ಹೇಳಿದರೂ ನಂಬುತ್ತಿದ್ದ.

ಇಂಥ ನನಗೆ ಒಂದು ದಿನ ಹೈದರಾಬಾದಿನಿಂದ ಫೋನು ಬಂತು. ಆ ಕಡೆಯವನು ತಾನು ತೆಲುಗಿನಲ್ಲಿ ಕಥೆ ಬರೆಯುವವನು, ಸಿನಿಮಾ ಮಾಡುವವನು ಎಂದು ಹೇಳಿಕೊಂಡ. ಆಮೇಲೆ, "ಸರ್, ನಾ ನಿಮ್ಮ ಊರಿಗೆ ಬರ್ತೇನಿ. ನೀ ನಂಗ ಒಡಪು ಹೇಳಿಕೊಡ್ತಿ?" ಎಂದ. ಸರ್ ಎಂದು ಕರೆದು ನೀ ಎನ್ನುವವನನ್ನು ಹೇಗೆ ನಂಬುವುದು? ಅವನು ನನ್ನನ್ನು ನೀ ಎಂದದ್ದಕ್ಕೆ ನಾನೂ ಮನಸ್ಸಿನೊಳಗೆ ಅವನನ್ನು ಏಕವಚನಕ್ಕೆ ಇಳಿಸಿಬಿಟ್ಟೆ. ಬಾಯಲ್ಲಿ ಮಾತ್ರ ರೀ ಇಟ್ಟುಕೊಂಡೆ.

ಒಡಪು ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಮದುವೆಯಲ್ಲೋ ಬಸುರಿಗೆ ಮಾಡುವ ಕುಬುಸದಲ್ಲೋ ಉಳಿದ ಹೆಂಗಸರು ಬಾಗಿಲಿಗೆ ಅಡ್ಡ ನಿಂತು "ಹೆಸರ ಹೇಳು" ಎಂದು ಕಾಡಿದಾಗ, ಪ್ರಾಸ ಕೂಡಿಸಿ ಎರಡು ಸಾಲು ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳುತ್ತಾಳೆ. ಎಲ್ಲರೂ ನಗುತ್ತಾರೆ, ಅವಳಿಗೆ ದಾರಿ ಬಿಡುತ್ತಾರೆ. ಇಂಥವನ್ನು ಕೂಡಿಸಿ ನಾನು ಬಹಳ ಹಿಂದೆ ಒಂದು ಪುಸ್ತಕ ಮಾಡಿದ್ದೆ. ಹೆಚ್ಚಿನವು ಅವ್ವ ಹೇಳಿದವು. ಅಪ್ಪ ಇನ್ನೂ ಇದ್ದ ಕಾಲವದು. ಅವಳು ರೊಟ್ಟಿ ಬಡಿಯುತ್ತ ಹೇಳುವುದು, ನಾನು ಪಕ್ಕದಲ್ಲಿ ಮಣೆ ಹಾಕಿಕೊಂಡು ಬರೆದುಕೊಳ್ಳುವುದು.

ಅವ್ವ ಹೇಳಿದ್ದು ಹೀಗೆ: "ಹಿತ್ತಲದಾಗ ಹಬ್ಬೈತಿ ಹೀರಿಕಾಯಿ ಬಳ್ಳಿ, ಇವರ ಹೆಸರ ಹೇಳಾಕ ನಾಚಾಕ ನಾನೇನ ಮಳ್ಳಿ?" ಇವರ ಎಂಬಲ್ಲಿ ಒಬ್ಬೊಬ್ಬಳೂ ತನ್ನ ಗಂಡನ ಹೆಸರು ಹಾಕಿಕೊಳ್ಳುತ್ತಾಳೆ. ನಾನು ಅಚ್ಚಿಗೆ ಕೊಡುವಾಗ "ಹಿತ್ತಲಲ್ಲಿ ಹಬ್ಬಿಹುದು ಹೀರೆಯ ಬಳ್ಳಿ" ಎಂದು ತಿದ್ದಿದೆ. ನಮ್ಮ ಮಾತು ಓದುವವರ ಕಣ್ಣಿಗೆ ಮರ್ಯಾದೆಯುಳ್ಳದ್ದಾಗಿ ಕಾಣಲಿ ಎಂಬ ಆಸೆ. ಅವ್ವ ಮೊಮ್ಮಗಳ ಕೈಲಿ ಓದಿಸಿ ಕೇಳಿ, "ಚಂದ ಬಂದೈತಿ" ಎಂದು ಪುಸ್ತಕವನ್ನು ದೇವರ ಮಾಡದಲ್ಲಿ ಇಟ್ಟಳು. ಮತ್ತೆ ಅದನ್ನು ಅಲ್ಲಿಂದ ತೆಗೆಯಲಿಲ್ಲ. ನಾನು ಅದನ್ನು ಮೆಚ್ಚುಗೆ ಎಂದೇ ತಿಳಿದುಕೊಂಡೆ.

ತೆಲುಗಿನವನು ಫೋನು ಮಾಡಿದ ಹೊತ್ತಿಗೆ ಆ ಪುಸ್ತಕದ ಹೊಸ ಆವೃತ್ತಿ ತರೋಣ, ಯಾರೂ ಕೇಳದ ಒಡಪುಗಳಿದ್ದರೆ ಸೇರಿಸಿ ಎಂದು ಪ್ರಕಾಶಕರು ನನ್ನ ಬೆನ್ನು ಬಿದ್ದಿದ್ದರು. ಸರಿಯಾಗಿ ಈಗಲೇ ಇವನಿಗೆ ಒಡಪು ಯಾಕೆ ಬೇಕಾಯಿತು ಎಂದು ನನ್ನ ತಲೆ ಕೊರೆಯತೊಡಗಿತು. ನಮ್ಮದನ್ನು ಹೊತ್ತುಕೊಂಡು ಹೋಗಿ ತೆಲುಗಿನ ಪರದೆಯ ಮೇಲೆ ಮೆರೆಸಿ, ಕೊನೆಗೆ ನಮಗೇ ಹೊಸದೆಂದು ತೋರಿಸುವವರನ್ನು ನಾನು ಕಂಡಿಲ್ಲವೇ?

ಅವನು ಬಂದ. ಐವತ್ತೈದರ ಆಸುಪಾಸಿನ, ಬಿಳಿ ಕುರುಚಲು ಗಡ್ಡದ ಮನುಷ್ಯ. ಕಾಲಲ್ಲಿ ಹವಾಯಿ ಚಪ್ಪಲಿ, ಹೆಗಲಲ್ಲಿ ಬಟ್ಟೆ ಚೀಲ. ಕ್ಯಾಮೆರಾ ಇಲ್ಲ. ಸಿನಿಮಾದವನ ಹತ್ತಿರ ಕ್ಯಾಮೆರಾ ಇಲ್ಲವೆಂದರೆ ಅದನ್ನು ಎಲ್ಲೋ ಬಚ್ಚಿಟ್ಟಿದ್ದಾನೆ ಎಂದೇ ನನ್ನ ಲೆಕ್ಕ. ಅವನ ಅಪ್ಪ ಆಲಮಟ್ಟಿ ಡ್ಯಾಮಿನ ಕೆಲಸದಲ್ಲಿ ಮೇಸ್ತ್ರಿಯಾಗಿದ್ದನಂತೆ. ಇವನು ಅಲ್ಲಿಯೇ ಕನ್ನಡ ಸಾಲೆಯಲ್ಲಿ ನಾಲ್ಕನೆಯ ತರಗತಿ ಮುಗಿಸಿದನಂತೆ. ಅಪ್ಪನ ಪಾಲಿನ ಕೆಲಸ ಮುಗಿದು ಮನೆಯವರೆಲ್ಲ ತಮ್ಮ ಜಿಲ್ಲೆಗೆ ಹೋದರು, ಕನ್ನಡ ಅಲ್ಲಿಗೇ ನಿಂತಿತು. ಅದಕ್ಕೇ ಈ ನೀ.

"ತೆಲುಗಿನ್ಯಾಗ ನಾ ಭಾಳ ಶಾಣ್ಯಾ ಅದೇನಿ," ಎಂದ. "ಕನ್ನಡದಾಗ ನಂಗ ಇನ್ನೂ ಒಂಬತ್ತ ವರ್ಷ. ದೊಡ್ಡ ಸುಳ್ಳ ಹೇಳಾಕ ಶಬ್ದ ಸಿಗಂಗಿಲ್ಲ."

ಇದೇ ಒಂದು ದೊಡ್ಡ ಸುಳ್ಳು ಎಂದುಕೊಂಡೆ. ಪರೀಕ್ಷಿಸಿಯೇ ಬಿಡೋಣವೆಂದು ಅವನನ್ನು ಆಲಮಟ್ಟಿಗೆ ಕರೆದುಕೊಂಡು ಹೋದೆ. ದಾರಿಯಲ್ಲಿ ಮಕ್ಕಳು ಸಾಲೆಗೆ ಹೊರಟಿದ್ದರು. ಅವನು ಕಿಟಕಿಯಿಂದ ನೋಡುತ್ತ "ಪಾಟಿಚೀಲ" ಎಂದ. ನನ್ನ ಎದೆ ಒಂದು ಕ್ಷಣ ಮೆತ್ತಗಾಯಿತು. ಈಗ ನಮ್ಮ ಮಕ್ಕಳೇ ಬ್ಯಾಗು ಎನ್ನುತ್ತವೆ. ಆ ಶಬ್ದವನ್ನು ಕೇಳಿ ಎಷ್ಟು ಕಾಲವಾಗಿತ್ತೋ. ಮರುಗಳಿಗೆಯೇ, ಯಾರೋ ಇವನಿಗೆ ಚೆನ್ನಾಗಿ ತಾಲೀಮು ಕೊಟ್ಟು ಕಳಿಸಿದ್ದಾರೆ ಎನಿಸಿತು.

ಆ ವಾರವೆಲ್ಲ ಅವನ ಜೊತೆ ತಿರುಗಿದೆ. ಕಾವಲು ಕಾಯಲು ಹೋದೆ ಎಂದರೂ ತಪ್ಪಿಲ್ಲ. ಇಂಡಿ ಪಟ್ಟಣದ ನಿಂಬೆಹಣ್ಣಿನ ಸವಾಲಿನಲ್ಲಿ, ಅಂದರೆ ಹರಾಜಿನಲ್ಲಿ, ಅವನು ಅರ್ಧ ದಿನ ಕೂತ. ಏನೂ ಬರೆದುಕೊಳ್ಳಲಿಲ್ಲ, ಯಾರನ್ನೂ ಏನೂ ಕೇಳಲಿಲ್ಲ. ಕಣ್ಣು ಮುಚ್ಚಿ ವ್ಯಾಪಾರಸ್ಥರ ಕೂಗು ಕೇಳಿದ. ವಾಪಸು ಬರುವಾಗ ಬಸವನ ಬಾಗೇವಾಡಿಯಲ್ಲಿ ಚಹಾಕ್ಕೆ ಇಳಿದೆವು. ಅಲ್ಲಿ ನಾನು ನೇರವಾಗಿ ಕೇಳಿದೆ, "ಕ್ಯಾಮೆರಾ ಎಲ್ಲಿಟ್ಟೀರಿ?"

"ತಂದಿಲ್ಲ. ಕ್ಯಾಮೆರಾ ತಂದ್ರ ಎಲ್ಲಾರೂ ಟಿವಿಯವರಂಗ ಮಾತಾಡ್ತಾರ. ಆಮ್ಯಾಲ ನಾ ಅದನ್ನ ಖರೇ ಅಂತ ತಿಳ್ಕೊಂಡು ಮನಿಗೆ ಒಯ್ತೇನಿ."

ಹಾಗೆ ಶುರುವಾದ ಮಾತು ಸಿನಿಮಾದ ಭಾಷೆಯ ಕಡೆಗೆ ಹೊರಳಿತು. ತೆಲುಗು ಸಿನಿಮಾದಲ್ಲಿ ತನ್ನ ಜಿಲ್ಲೆಯ ಮಾತನ್ನು ಯಾರ ಬಾಯಿಗೆ ಕೊಡುತ್ತಾರೆ ಗೊತ್ತೇ ಎಂದು ಕೇಳಿ, ತಾನೇ ಉತ್ತರ ಹೇಳಿದ. "ಕಳ್ಳಗ. ಕುಡುಕಗ. ಹೀರೋ ಬ್ಯಾರೆ ಮಾತಾಡ್ತಾನ. ಅವನ ಅವ್ವ ನಮ್ಮ ಊರಾಕಿ ಇದ್ರೂ ಅವ ಬ್ಯಾರೆ ಮಾತಾಡ್ತಾನ."

ನನಗೆ ಸಿಂದಗಿಯ ಟಾಕೀಸು ನೆನಪಾಯಿತು. ಪರದೆಯ ಮೇಲೆ ಒಬ್ಬ ಪೆದ್ದ "ಐತಿ" ಎಂದದ್ದಕ್ಕೆ ಐತಿ ಎನ್ನುವ ಜನವೇ ಬಿದ್ದು ಬಿದ್ದು ನಕ್ಕಿದ್ದರು. ನಾನೂ ನಕ್ಕಿದ್ದೆ. ಹೊರಗೆ ಬಂದ ಮೇಲೆ ಮೈಯೆಲ್ಲ ಉರಿದಿತ್ತು. ಅದನ್ನು ಅವನಿಗೆ ಹೇಳಬೇಕೆಂದು ಬಾಯಿ ತೆರೆದು ಮುಚ್ಚಿಕೊಂಡೆ. ಎಲ್ಲಿ ಮುಟ್ಟಿದರೆ ನಾನು ಕರಗುತ್ತೇನೆ ಎಂದು ತಿಳಿದು ಮಾತಾಡುವವನ ಹತ್ತಿರ ಸಡಿಲ ಬಿಡಬಾರದು.

ಅವನು ಮುಂದುವರಿಸಿದ. ಮೊದಲ ಸಿನಿಮಾದಲ್ಲಿ ತಾನೂ ಅದನ್ನೇ ಮಾಡಿದೆ ಎಂದ. ತನ್ನ ತಾಯಿ ಆಡಿದ ಮಾತುಗಳನ್ನೇ ನಾಯಕನ ತಾಯಿಗೆ ಬರೆದು, ಜನಕ್ಕೆ ತಿಳಿಯಲಿ ಎಂದು ಸ್ವಲ್ಪ ತಿದ್ದಿ, ಪಟ್ಟಣದವಳೊಬ್ಬಳಿಂದ ದನಿ ಕೊಡಿಸಿದ್ದ. ತಾಯಿಯನ್ನು ಕರೆತಂದು ಮುಂದೆ ಕೂರಿಸಿದ. "ಸಿನಿಮಾ ಮುಗೀತು. ಅವ್ವ ಕೇಳಿದಳು, ಆಕಿ ಯಾರ ಮನಿಯಾಕಿ? ಭಾಳ ಶಾಣ್ಯಾಕಿ ಅದಾಳ, ಅಂತ. ಅದು ತನ್ನ ಮಾತ ಅಂತ ಆಕಿಗೆ ಗೊತ್ತಾಗಲಿಲ್ಲ."

ಅವ್ವನ ಮಾತು ತಿದ್ದಿ ನಾನು ಹಾಕಿದ "ಹಬ್ಬಿಹುದು" ಎಂಬುದು ಕಣ್ಣೆದುರು ಬಂತು. ಇವನು ನನ್ನ ಪುಸ್ತಕ ಓದಿ ಚುಚ್ಚುತ್ತಿದ್ದಾನೆಯೇ? ಅವನಿಗೆ ಕನ್ನಡ ಓದಲು ಬರುವುದೇ ಅಷ್ಟಕ್ಕಷ್ಟೆ. ಆದರೂ ಸಂಶಯ ಹೋಗಲಿಲ್ಲ.

"ಮೊದಲ ಬರಿಯೋದು ಅಂದ್ರ ತರೋದು ಅನಸ್ತಿತ್ತು," ಎಂದ ಅವನು, ಲೋಟ ಕೆಳಗಿಡುತ್ತ. "ಈಗ ಎಷ್ಟ ಬಿಟ್ಟ ಬರಬೇಕು ಅನ್ನೋದ ಕಲಿಯಾಕತ್ತೇನಿ." ಕೈ ತೊಳೆಯಲು ಎದ್ದು ಹೋದಾಗ ಫೋನು ಮೇಜಿನ ಮೇಲೆಯೇ ಇತ್ತು. ನಾನು ಅತ್ತಿತ್ತ ನೋಡಿ ಅದರ ಗುಂಡಿ ಒತ್ತಿದೆ. ಎಲ್ಲವನ್ನೂ ಗುಟ್ಟಾಗಿ ಹಿಡಿದುಕೊಳ್ಳುತ್ತಿದ್ದಾನೆ, ಇವತ್ತು ಸಿಕ್ಕಿಬಿದ್ದ ಎಂದುಕೊಂಡಿದ್ದೆ. ಫೋನು ಪೂರ್ತಿ ಬಂದ್ ಆಗಿತ್ತು. ಬಂದ್ ಮಾಡಿದ ಫೋನು ಹೊತ್ತು ತಿರುಗುವವನು ಇನ್ನೂ ಅಪಾಯದವನು ಎಂದು ನನಗೆ ನಾನೇ ಹೇಳಿಕೊಂಡೆ.

ಆ ವಾರದ ಕೊನೆಗೆ ಸಿಂದಗಿಯಲ್ಲಿ ತಂಗಿಯ ಮಗಳ ಕುಬುಸ. ಅವ್ವ, ಹೆಂಡತಿ, ನಾನು ಹೊರಟಾಗ ಅವನೂ ಜೊತೆಗೆ ಬಂದ. ಬೇಡವೆನ್ನಲು ನೆವ ಸಿಗಲಿಲ್ಲ. ಬಸುರಿ ಹುಡುಗಿಗೆ ಹಸಿರು ಸೀರೆ ಉಡಿಸಿ, ಹೂ ಮುಡಿಸಿ, ಉಡಿ ತುಂಬಿದರು. ಆಮೇಲೆ ಒಡಪಿನ ಗದ್ದಲ ಎದ್ದಿತು. ಹುಡುಗಿಯರೆಲ್ಲ ಫೋನು ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದರು. ಅವನೊಬ್ಬನೇ ಕೈಕಟ್ಟಿ ಬಾಗಿಲ ಹತ್ತಿರ ನಿಂತಿದ್ದ. ಒಬ್ಬೊಬ್ಬಳೇ ಗಂಡನ ಹೆಸರು ಹೇಳಿದಳು, ನಗೆ ಹಾರಿತು. ಅವ್ವ ಅಡುಗೆಮನೆಯ ಬಾಗಿಲಿಗೆ ಒರಗಿ ಕೂತು ನೋಡುತ್ತಿದ್ದಳು. ಗಂಡ ಸತ್ತವಳು ಉಡಿ ತುಂಬುವಲ್ಲಿ ಮುಂದೆ ಬರುವುದಿಲ್ಲ. ಅವಳಿಗೆ ಒಡಪು ಹೇಳು ಎಂದು ಯಾರೂ ಕೇಳುವುದಿಲ್ಲ. ಕೇಳಬಾರದು ಎಂದು ಯಾರೂ ಹೇಳಿಕೊಡುವುದೂ ಇಲ್ಲ. ನಮಗೆಲ್ಲ ಅದು ಗೊತ್ತೇ ಇರುತ್ತದೆ.

ಅವನು ಅವ್ವನ ಕಡೆ ತಿರುಗಿ ಕೇಳಿದ, "ಆಯಿ, ನೀ ಹೆಸರ ಹೇಳಂಗಿಲ್ಲೇನ?"

ತಂಗಿಯ ಕೈಯಲ್ಲಿದ್ದ ಆರತಿ ತಟ್ಟೆ ಅಲ್ಲಿಯೇ ನಿಂತಿತು. ಯಾರೋ ಒಬ್ಬರು ಮೆಲ್ಲಗೆ, "ಅವರು ಹೇಳಂಗಿಲ್ರಿ," ಎಂದರು. ಅವನು ಇನ್ನೂ ಎಳೆ ಹುಡುಗನ ಹಾಗೆ "ಯಾಕ?" ಎಂದ. ಅವ್ವ ತಲೆಯ ಮೇಲಿನ ಸೆರಗು ಮುಂದಕ್ಕೆಳೆದುಕೊಂಡಳು. ನಾನು ಅವನ ರಟ್ಟೆ ಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋದೆ.

"ನಿಮಗ ಸೀನ್ ಬೇಕಾಗಿತ್ತೇನ್ರಿ?" ಎಂದೆ. ಅಷ್ಟು ಸಿಟ್ಟು ನನಗೆ ಎಂದೂ ಬಂದಿರಲಿಲ್ಲ. "ಬೇಕಂತನ ಕೇಳಿದ್ರಿ. ಮುದುಕಿ ಅಳ್ತಾಳ, ನೋಡೋಣು ಅಂತ ಕೇಳಿದ್ರಿ."

ಅವನಿಗೆ ವಿಷಯ ತಿಳಿಸಿ ಹೇಳಬೇಕಾಯಿತು. ತಿಳಿದಾಗ ಮುಖ ಬಿಳಿಚಿತು. "ನಂಗ ಗೊತ್ತಿರಲಿಲ್ಲ," ಎಂದ. ಆಮೇಲೆ, ನಾನು ಕೇಳದೆಯೇ, "ಆದ್ರ ನೀ ಹೇಳಿದಂಗ ಹಿಂದ ಒಮ್ಮೆ ಮಾಡೇನಿ. ನಮ್ಮ ಓಣ್ಯಾಗಿನ ಒಬ್ಬಾಕಿ ಮಗ ಸತ್ತಾಗ ಅಳೋದನ್ನ ಹಿಡಕೊಂಡು ಸಿನಿಮಾದಾಗ ಹಾಕಿದ್ದೆ. ಜನ ಚಪ್ಪಾಳಿ ಹೊಡದ್ರು. ಅವತ್ತಿನಿಂದ ಯಾರ ಮನಿಗೆ ಹೋದ್ರೂ ಫೋನ್ ಬಂದ್ ಇಡ್ತೇನಿ," ಎಂದ. ಕಳ್ಳ ತಾನೇ ಒಪ್ಪಿಕೊಂಡ ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು. ಒಮ್ಮೆ ಮಾಡಿದವನು ಇನ್ನೊಮ್ಮೆ ಮಾಡುವುದಿಲ್ಲವೆಂದು ಯಾರು ಹೇಳಿದರು?

ನಾನೂ ಅವ್ವನೂ ಆ ರಾತ್ರಿಯೇ ಊರಿಗೆ ಮರಳಿದ್ದೆವು. ಮರುದಿನ ಬೆಳಿಗ್ಗೆ ಅವನು ತಾನಿಳಿದುಕೊಂಡಿದ್ದ ಲಾಡ್ಜಿನಿಂದ ಮುದ್ದೇಬಿಹಾಳದ ನಮ್ಮ ಮನೆಗೆ ಬಂದ. ಅವ್ವನ ಕ್ಷಮೆ ಕೇಳಬೇಕು ಎಂದ. ಅವನು ಗೇಟು ತೆಗೆಯುವುದು ಕಂಡದ್ದೇ, ನಾನು ನನ್ನ ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ, ಪಡಸಾಲೆಯ ಗೂಡಿನಲ್ಲಿ ಪಂಚಾಂಗದ ಹಿಂದೆ ಇಟ್ಟೆ. ಅವನು ಏನಾದರೂ ಎತ್ತಿಕೊಂಡು ಹೋದರೆ ಇದು ನಮ್ಮದು ಎನ್ನಲು ನನ್ನ ಹತ್ತಿರ ಪುರಾವೆ ಇರಬೇಕಲ್ಲ. ಅವ್ವ ಅಲ್ಲಿಯೇ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಅವನು ತನ್ನ ಫೋನನ್ನು ಬಂದ್ ಮಾಡಿ ಕಿಟಕಿಯ ಕಟ್ಟೆಯ ಮೇಲಿಟ್ಟು, ಅವಳೆದುರು ನೆಲದ ಮೇಲೆ ಕೂತ.

"ಆಯಿ, ನಂದ ತಪ್ಪಾತು."

"ತಪ್ಪೇನ ಮಾಡಿದ್ದಿಪಾ ನೀ?" ಅವ್ವ ಮೊರ ಕೆಳಗಿಡಲಿಲ್ಲ. "ಅವರು ಹ್ವಾದ ಮ್ಯಾಲ ಹನ್ನೊಂದ ವರ್ಷ ಆತು. ಹೆಸರ ಹೇಳು ಅಂತ ಒಬ್ರೂ ಕೇಳಿಲ್ಲ. ನೀನ ಮೊದಲ ಕೇಳಿದಾಂವ." ಆಮೇಲೆ ನನ್ನ ಕಡೆ ತಿರುಗಿದಳು. "ನೀ ಹೋಗಿ ಚಾ ಮಾಡ್ಕೊಂಡ ಬಾ. ಬಾಗಲಾ ಮುಂದ ಮಾಡು."

ಹೆಂಡತಿ ಸಿಂದಗಿಯಲ್ಲಿಯೇ ಉಳಿದಿದ್ದಳು. ಚಹಾ ನಾನೇ ಮಾಡಬೇಕಿತ್ತು. ಮಾಡಿ, ಎರಡು ಕಪ್ಪು ಹಿಡಿದುಕೊಂಡು ಬಂದು ಮುಚ್ಚಿದ ಬಾಗಿಲಿಗೆ ಕಿವಿ ಕೊಟ್ಟು ನಿಂತೆ. ಮೊರದ ಸದ್ದು ನಿಂತಿತು. ಅವ್ವನ ದನಿ ಕೇಳಿಸಿತು, ಮಾತು ಬಿಡಿಬಿಡಿಯಾಗಿ ತಿಳಿಯಲಿಲ್ಲ. ಕೊನೆಯಲ್ಲಿ ಅಪ್ಪನ ಹೆಸರು ಮಾತ್ರ ಚೊಕ್ಕವಾಗಿ ಕೇಳಿಸಿತು. ಅವನು ತೀರಿದ ಮೇಲೆ ರೇಷನ್ ಕಾರ್ಡಿನಿಂದ, ಮತದಾರರ ಪಟ್ಟಿಯಿಂದ, ಹೊಲದ ಪಹಣಿ ಉತಾರದಿಂದ ನಾನೇ ಅಲೆದಾಡಿ ತೆಗೆಸಿದ ಹೆಸರು. ಅವ್ವ ಅದನ್ನು ನಿನ್ನೆಯ ಹುಡುಗಿಯರ ಹಾಗೆಯೇ, ನಗುತ್ತ ಹೇಳಿದಳು. ಒಳಗೆ ಹೋಗುವ ಧೈರ್ಯವಾಗಲಿಲ್ಲ. ಅವನೇ ಬಾಗಿಲು ತೆರೆದಾಗಲೂ ನಾನು ಕಪ್ಪು ಹಿಡಿದು ಅಲ್ಲಿಯೇ ನಿಂತಿದ್ದೆ.

ಅವನು ಅವತ್ತೇ ಹೊರಟುಹೋದ. ನಾನು ಅವನನ್ನು ಬಸ್ಸಿಗೆ ಬಿಡುವಾಗ, ಅವ್ವ ಏನು ಹೇಳಿದಳು ಎಂದು ಕೇಳಿದೆ. "ಹೇಳಂಗಿಲ್ಲ ಸರ್. ಆಕಿ ಬ್ಯಾಡ ಅಂದಾಳ," ಎಂದ. ನಾನು ಮನೆಗೆ ಬಂದು ಪಂಚಾಂಗದ ಹಿಂದಿನ ಫೋನು ತೆಗೆದೆ.

ಆ ಒಡಪು ನಾನು ಹಿಂದೆಂದೂ ಕೇಳಿದ್ದಲ್ಲ. ಮದುವೆಯಾದ ಹೊಸತರಲ್ಲಿ ಅವ್ವ ತಾನೇ ಕಟ್ಟಿದ್ದು. ಅದರಲ್ಲಿ ಅಪ್ಪನ ಒಂದು ಅಭ್ಯಾಸದ ಮಾತಿದೆ, ಮಕ್ಕಳಾದ ನಮಗೆ ಯಾರಿಗೂ ತಿಳಿಯದ್ದು. ಪುಸ್ತಕಕ್ಕಾಗಿ ಕೂತು ಬರೆದುಕೊಂಡ ಆ ದಿನಗಳಲ್ಲಿ ಅವ್ವ ನನಗೆ ಊರೆಲ್ಲ ಬಲ್ಲ ಒಡಪುಗಳನ್ನೇ ಕೊಟ್ಟು, ಇದನ್ನು ತನ್ನ ಹತ್ತಿರ ಇಟ್ಟುಕೊಂಡಿದ್ದಳು. ನನಗೆ ಹೊಟ್ಟೆಕಿಚ್ಚಾಯಿತು, ನಾಚಿಕೆಯೂ ಆಯಿತು. ನಾಚಿಕೆ ಹೊಟ್ಟೆಕಿಚ್ಚಿನಷ್ಟು ಬಾಳಲಿಲ್ಲ. ವಾರದೊಳಗೆ ಅದನ್ನು ಹಾಳೆಗಿಳಿಸಿದೆ. ಹೊಸ ಆವೃತ್ತಿಗೆ ಇದಕ್ಕಿಂತ ಒಳ್ಳೆಯದು ಇನ್ನೇನು ಬೇಕು? ಈ ಸಲ ಒಂದಕ್ಷರವನ್ನೂ ತಿದ್ದಲಿಲ್ಲ. ಅದನ್ನೇ ದೊಡ್ಡ ಪ್ರಾಮಾಣಿಕತೆ ಎಂದುಕೊಂಡೆ.

ಪ್ರಕಾಶಕರಿಗೆ ಕಳಿಸುವ ಮೊದಲು ಅವನ ಸಿನಿಮಾ ನೋಡಬೇಕಿತ್ತು. ಅವನು ಮೊದಲು ಬಳಸಿಕೊಂಡರೆ ನನ್ನದೇ ಕಳವಿನ ಮಾಲು ಎನಿಸಿಕೊಳ್ಳುತ್ತದೆ. ಮರುವರ್ಷ ಅದು ಮೊಬೈಲಿನಲ್ಲಿ ಬಂತು. ಒಂದು ಮಧ್ಯಾಹ್ನ ಪೆನ್ನು, ವಹಿ ಇಟ್ಟುಕೊಂಡು ನೋಡಲು ಕೂತೆ. ಎಲ್ಲೆಲ್ಲಿ ನಮ್ಮದನ್ನು ಕದ್ದಿದ್ದಾನೆಂದು ಗುರುತು ಹಾಕಿಕೊಳ್ಳುವ ಉದ್ದೇಶ.

ಮುಕ್ಕಾಲು ಸಿನಿಮಾ ಆದ ಮೇಲೆ ಅದು ಬಂತು. ಒಬ್ಬ ಮುದುಕಿ, ಎದುರಿಗೆ ಊರಾಚೆಯಿಂದ ಬಂದ ಒಬ್ಬಳು ಹೆಣ್ಣುಮಗಳು. ಹೆಸರು ಹೇಳು ಎಂದು ಅವಳು ಕೇಳುತ್ತಾಳೆ. ಮುದುಕಿ ಮಗನನ್ನು ಚಹಾ ತರಲು ಕಳಿಸಿ, ಬಾಗಿಲು ಮುಂದೆ ಮಾಡಿಸುತ್ತಾಳೆ. ಕ್ಯಾಮೆರಾ ಒಳಗೆ ಹೋಗುವುದೇ ಇಲ್ಲ. ಹೊರಗೆ ಮಗ, ಎರಡು ಕಪ್ಪು ಹಿಡಿದುಕೊಂಡು ಬಾಗಿಲಿಗೆ ಕಿವಿಗೊಟ್ಟು ನಿಂತಿರುತ್ತಾನೆ. ಮೊರದ ಸದ್ದು ನಿಲ್ಲುತ್ತದೆ. ಚಹಾದ ಮೇಲೆ ಕೆನೆ ಕಟ್ಟುತ್ತದೆ. ಅಷ್ಟೇ. ಅವ್ವನ ಒಂದು ಶಬ್ದವೂ ಅದರಲ್ಲಿರಲಿಲ್ಲ. ಅವನು ಕದ್ದದ್ದು ನನ್ನೊಬ್ಬನನ್ನೇ.

ವಹಿಯಲ್ಲಿ ಏನೂ ಬರೆಯಲಿಲ್ಲ. ಬಾಗಿಲ ಹಿಂದೆ ನಾನಿದ್ದದ್ದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ನನ್ನನ್ನು ಕೇಳಲಿಲ್ಲ. ಎದ್ದು ಅವ್ವನ ಹತ್ತಿರ ಹೋದೆ. ಅವಳು ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದಳು.

"ಅವ್ವಾ, ಅವತ್ತ ನೀ ಹೇಳಿದ್ದು ನನ್ನ ಫೋನಿನ್ಯಾಗ ಐತಿ," ಎಂದೆ.

"ಗೊತ್ತೈತಿ," ಎಂದಳು. "ಪಂಚಾಂಗದ ಹಿಂದಿಟ್ಟಿದ್ದಿ. ಅದಕ್ಕ ನಾ ಅದನ್ನ ಅವನ ಕಿವ್ಯಾಗ ಹೇಳಬೇಕಂತಿದ್ದೆ. ಅವಗ ಫೋನಿನ ವಿಷಯ ತಿಳದು ನಿನ್ನ ಮಾನ ಹೋಗಬಾರದು ಅಂತ ಬಿಟ್ಟೆ."

ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಅಷ್ಟು ವರ್ಷ ನನಗೇಕೆ ಹೇಳಲಿಲ್ಲ ಎಂದು ಕೇಳಿದೆ. ದನಿ ಕೀರಲಾಗಿ ಬಂತು.

"ನೀ ಬರಕೊಳ್ಳಾಕ ಕುಂತಿದ್ದಿ," ಎಂದಳು ಅವ್ವ. "ಅವ ಸುಮ್ಮ ಕುಂತಿದ್ದ." ಹೊಸೆದ ಬತ್ತಿಯನ್ನು ಬುಟ್ಟಿಗೆ ಹಾಕಿ, "ಒಮ್ಮೆ ಹಚ್ಚು, ಕೇಳೋಣು," ಎಂದಳು.

ಹಚ್ಚಿದೆ. ಅವಳ ದನಿಯನ್ನು ಅವಳೇ ತಲೆ ಓರೆ ಮಾಡಿ ಕೇಳಿದಳು. ಅಪ್ಪನ ಹೆಸರು ಬಂದಾಗ ಅವತ್ತಿನಂತೆಯೇ ನಕ್ಕಳು, ಕಣ್ಣು ಒರೆಸಿಕೊಂಡಳು. ಆಮೇಲೆ ಅಳಿಸು ಎಂದಳು. ನಾನು ಅವಳೆದುರೇ ಅಳಿಸಿ, "ಹೋತವ್ವಾ," ಎಂದೆ. ಅವಳು ಕನ್ನಡಕ ಹಾಕಿಕೊಂಡು, ಫೋನು ಇಸಿದುಕೊಂಡು, ಪರದೆಯನ್ನು ಮೇಲೆ ಕೆಳಗೆ ಸರಿಸಿ ನೋಡಿದಳು. ಮತ್ತೊಮ್ಮೆ ನೋಡಿದಳು. ಈ ಗುಣ ನನಗೆ ಎಲ್ಲಿಂದ ಬಂತೆಂದು ಅರವತ್ತರ ಹತ್ತಿರ ಬಂದ ಮೇಲೆ ತಿಳಿಯಿತು.

ಫೋನು ವಾಪಸು ಕೊಡುತ್ತ ಅವ್ವ, "ಹಾಳ್ಯಾಗೂ ಬರದಿಟ್ಟಿರ್ತಿ ನೀ. ಅದನ್ನೂ ತಾ," ಎಂದಳು.

ಒಳಗೆ ಹೋಗಿ ತಂದುಕೊಟ್ಟೆ.